ಕೊಟ್ಟ ಪ್ರಶ್ನೆ ಕೇಳದ ಗೆಳೆಯ

ಯಲಹಂಕ ದಾಟಿ ದೊಡ್ಡಬಳ್ಳಾಪುರ ರಸ್ತೆಯಲ್ಲಿದ್ದ ಎಂಬಿಎ ಕಾಲೇಜಿಗೆ ನಾನು ಸೇರಿದ್ದು ಫೀಸು ಕಡಿಮೆ ಎಂಬ ಒಂದೇ ಕಾರಣಕ್ಕೆ. ಕೆಳಗೆ ಟೈಲ್ಸ್ ಅಂಗಡಿ, ಮೇಲೆ ನಾವು. ಟೈಲ್ಸ್ ಕೊಯ್ಯುವ ಸದ್ದು ಜೋರಾದರೆ ಮಾರ್ಕೆಟಿಂಗ್ ಪಾಠ ಅಷ್ಟು ಹೊತ್ತು ನಿಲ್ಲುತ್ತಿತ್ತು. ನಾನು ಇದನ್ನು ಆಡಿಕೊಳ್ಳಬಹುದು, ಬೇರೆಯವರು ಆಡಿಕೊಂಡರೆ ಇವತ್ತಿಗೂ ಜಗಳಕ್ಕೆ ನಿಲ್ಲುತ್ತೇನೆ.

ಅಲ್ಲೊಂದು ರೂಢಿಯಿತ್ತು. ಪ್ರೆಸೆಂಟೇಶನ್ ಮುಗಿದ ಮೇಲೆ ಸಹಪಾಠಿಗಳು ಕೇಳುವ ಪ್ರಶ್ನೆಗೆ ಉತ್ತರಿಸಿದರೆ ಬೇರೆ ಅಂಕ. ಹಾಗಾಗಿ ಪ್ರಶ್ನೆಯನ್ನೂ ನಾವೇ ತಯಾರಿಸಿ ಗೆಳೆಯರಿಗೆ ಹೇಳಿಕೊಡುತ್ತಿದ್ದೆವು. ಮೇಷ್ಟ್ರಿಗೆ ಎಲ್ಲ ಗೊತ್ತಿತ್ತು, ಗೊತ್ತಿಲ್ಲದವರಂತೆ ಇರುತ್ತಿದ್ದರು.

ನನ್ನ ಪ್ರಶ್ನೆ ಕೇಳಬೇಕಾದವನು ರಾಜಾನುಕುಂಟೆ ಕಡೆಯ ಹುಡುಗ. ಅವರ ಹೊಲಗಳೆಲ್ಲ ಆಗಲೇ ಸೈಟುಗಳಾಗಿದ್ದವು, ಅವನಿಗೆ ಕೆಲಸದ ಚಿಂತೆಯಿರಲಿಲ್ಲ. ಗದಗಿನಿಂದ ಒಬ್ಬಳೇ ಬಂದಿದ್ದ ನನಗಿತ್ತು. ಕೋರ್ಸ್ ಮುಗಿಯುವುದರೊಳಗೆ ಕೆಲಸ ಸಿಗದಿದ್ದರೆ ಗದಗಿಗೆ ವಾಪಸು ಬರುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟಿದ್ದೆ. ನಾನು ಇಂಟರ್ನ್‌ಶಿಪ್ ಮಾಡಿದ್ದು ತಣಿಸಂದ್ರದ ಒಂದು ಹಾಸಿಗೆ ಅಂಗಡಿಯಲ್ಲಿ. ಅದರ ಮ್ಯಾನೇಜರೇ ನನ್ನ ಕೊನೆಯ ಪ್ರೆಸೆಂಟೇಶನ್ ಕೇಳಲು ಬರುವವರಿದ್ದರು. ಮೆಚ್ಚಿಕೊಂಡರೆ ಅಲ್ಲೇ ಕೆಲಸ.

ಇಡೀ ಮಾತನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿ, ಕಾಲೇಜಿನ ಎದುರಿನ ಬೇಕರಿಯಲ್ಲಿ ಅವನಿಗೆ ಒಪ್ಪಿಸಿದೆ. ಪ್ರೆಸೆಂಟೇಶನ್ ದಿನ ಒಂದಕ್ಷರವೂ ತಪ್ಪಲಿಲ್ಲ. ಆದರೆ ಮುಂದಿನ ಸಾಲಿನಲ್ಲಿದ್ದ ಮ್ಯಾನೇಜರ್ ಎರಡನೇ ಸ್ಲೈಡಿಗೇ ಮೊಬೈಲ್ ತೆಗೆದರು, ಮತ್ತೆ ತಲೆ ಎತ್ತಲಿಲ್ಲ. ಮುಗಿಯಿತು ನನ್ನ ಕಥೆ ಅಂದುಕೊಂಡೆ.

ಪ್ರಶ್ನೆಯ ಸರದಿ ಬಂತು. ಗೆಳೆಯ ಎದ್ದು ನಿಂತ. ನಾನು ಹೇಳಿಕೊಟ್ಟಿದ್ದ ಇಂಗ್ಲಿಷ್ ಪ್ರಶ್ನೆ ಬಿಟ್ಟು, "ಅಲ್ಲಾ, ನಮ್ಮವ್ವ ಆಸಿಗೆ ತಗಳಕ್ಕೆ ನಿಮ್ಮಂಗ್ಡೀಗ್ ಬಂದ್ರೆ ಏನ್ ಮಾಡ್ತೀಯಾ?" ಅಂದ.

ಕ್ಲಾಸು ಗೊಳ್ಳೆಂದಿತು. ನನ್ನ ಸಿಟ್ಟು ನೆತ್ತಿಗೇರಿತು, ಬಾಯಿಪಾಠದ ಇಂಗ್ಲಿಷ್ ಎಲ್ಲೋ ಹಾರಿಹೋಯಿತು. ಸಿಟ್ಟಿನಲ್ಲಿ ಬಂದದ್ದು ನಮ್ಮ ಗದಗಿನ ಮಾತು.

"ಮದಲ ಅಲ್ಲಿ ನಿಂತ ಗಂಡಸರನ್ನ ದೂರ ಕಳಸ್ತೇನಿ. ಅವರ ಮುಂದ ಯಾವ ಹೆಣ್ಮಗಳೂ ಹಾಸಿಗಿ ಮ್ಯಾಲ ಮಲಗಿ ನೋಡಂಗಿಲ್ಲ. ಕೈಲೆ ಒತ್ತಿ, ಮನ್ಯಾಗ ಕೇಳಿ ಬರ್ತೇವಿ ಅಂತ ಹೋಗ್ತಾರ. ನಾನ ಮದಲ ಹಾಸಿಗಿ ಮ್ಯಾಲ ಅಡ್ಡಾಗ್ತೇನಿ. ಬರ್ರೀ ಅವ್ವಾರ, ಇಲ್ಲಿ ನಾವಿಬ್ಬರ ಹೆಣ್ಮಕ್ಕಳ ಅದೇವಿ ಅಂತೇನಿ."

ನಗು ನಿಂತಿತು. ಮ್ಯಾನೇಜರ್ ಮೊಬೈಲನ್ನು ಮೇಜಿನ ಮೇಲಿಟ್ಟು, "ಹಂಗಂದ್ರೆ ಮಲಗಿ ನೋಡ್ತಾರಾ ಮೇಡಂ?" ಎಂದು ಕೇಳಿದರು. ಆಮೇಲೆ ಅವರು ಕೇಳುತ್ತಲೇ ಹೋದರು, ನಾನು ಹೇಳುತ್ತಲೇ ಹೋದೆ. ಕನ್ನಡದಲ್ಲಿ ಉತ್ತರಿಸಿದ್ದಕ್ಕೆ ಮೇಷ್ಟ್ರು ಅಂಕ ಕಳೆದರು. ಮ್ಯಾನೇಜರ್ ಮಾತ್ರ ಹೊರಡುವಾಗ, "ಪರೀಕ್ಷೆ ಮುಗಿಸ್ಕೊಂಡು ಬಂದು ಕೆಲ್ಸಕ್ಕೆ ಸೇರ್ಕೊಳ್ಳಿ" ಎಂದರು.

ಅಷ್ಟಾದರೂ ನನ್ನ ಸಿಟ್ಟು ಇಳಿದಿರಲಿಲ್ಲ. ಬೇಕರಿಯಲ್ಲಿ ಅವನನ್ನು ಹಿಡಿದೆ. "ಕೊಟ್ಟ ಪ್ರಶ್ನಿ ಯಾಕ ಕೇಳಲಿಲ್ಲೋ? ನಾ ಅಲ್ಲೇ ಬಿದ್ದಿದ್ರ?"

ಅವನು ಬನ್ನು ಜಗಿಯುತ್ತಾ ಹೇಳಿದ: "ಅದ್ರ ಉತ್ರ ನಂಗೇ ಬಾಯಿಗ್ ಬಂದಿತ್ತು ಕಣೇ. ಆವಯ್ಯ ಮೊಬೈಲ್ ನೋಡ್ತಾ ಕೂತಿದ್ದ. ದಿನಾ ಇಲ್ಲಿ ಟೀ ಕುಡೀತಾ ನೀನು ಅಂಗ್ಡೀಗ್ ಬರೋ ಎಂಗಸ್ರ ಕತೆ ಯೋಳ್ತಿದ್ಯಲ್ಲ, ಅಲ್ಲಿ ಅದೊಂದ್ ಬಿಟ್ಟು ಮಿಕ್ಕಿದ್ದೆಲ್ಲಾ ಯೋಳ್ದೆ."

ಬೈಯಲು ಹೋದವಳು ಅಲ್ಲೇ ಅತ್ತುಬಿಟ್ಟೆ. ನನ್ನ ಹರಟೆಯನ್ನು ಅಷ್ಟು ದಿನ ಒಬ್ಬ ಕಿವಿಗೊಟ್ಟು ಕೇಳಿದ್ದನೆಂದು ನನಗೆ ಗೊತ್ತಾದದ್ದು ಆವತ್ತೇ.