ಅಂಚಿನಲ್ಲಿ ಬರೆದ ಹನ್ನೊಂದು ಸಾಲು

ಅಡಿಲೇಡಿನಿಂದ ಪರ್ತ್‌ಗೆ ಬೆಳಿಗ್ಗೆ ಏಳೂವರೆಯ ವಿಮಾನ. ಕೈಚೀಲದಲ್ಲಿ ಎರಡು ಜೊತೆ ಬಟ್ಟೆ, ಹೆಂಡತಿ ಸುಮಾ ಕಟ್ಟಿಕೊಟ್ಟ ಎರಡು ಡಬ್ಬಿ ಕೋಡುಬಳೆ, ಒಂದು ಬಾಳೆಹಣ್ಣು, ಮತ್ತು ಹಸಿರು ರಟ್ಟಿನ ಒಂದು ಹಳೆಯ ಸ್ಕೋರ್ ಪುಸ್ತಕ ಇದ್ದವು. ಪ್ರಯಾಣಕ್ಕೆ ಕಾರಣ ಆ ಪುಸ್ತಕವೇ. ನನ್ನನ್ನು ಏರ್‌ಪೋರ್ಟಿನಲ್ಲಿ ಇಳಿಸುವಾಗ ಸುಮಾ, "ಹದಿನೆಂಟು ವರ್ಷ ಸುಮ್ನಿದ್ದು ಈಗ ಎರಡು ಊರು ಸುತ್ತಿ ಹೇಳ್ಬೇಕಾ? ಒಂದು ಫೋನ್ ಮಾಡಿದ್ರೆ ಮುಗೀತಿತ್ತು," ಎಂದಳು. ಫೋನ್ ಮಾಡುವಷ್ಟು ಧೈರ್ಯವಿದ್ದಿದ್ದರೆ ಹದಿನೆಂಟು ವರ್ಷ ಯಾಕೆ ಬೇಕಾಗುತ್ತಿತ್ತು ಎಂದು ನಾನು ಹೇಳಲು ಹೋಗಲಿಲ್ಲ.

ಮೂರು ಗಂಟೆ ಇಪ್ಪತ್ತು ನಿಮಿಷದ ಹಾರಾಟ. ಕೆಳಗೆ ಬಹುಪಾಲು ಬರೀ ಕೆಂಪು ನೆಲ. ಆ ಹೊತ್ತಿನಲ್ಲಿ ಓದುಗರಿಗೆ ಹಿಂದಿನದನ್ನು ಹೇಳಿಬಿಡುತ್ತೇನೆ.

ಮೈಸೂರಿನಿಂದ ಬಂದ ಹೊಸತರಲ್ಲಿ ನಾನು ಅಡಿಲೇಡಿನ ಕಿಲ್ಬರ್ನ್ ಬಳಿಯ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್. ಗೆಳೆಯ ಇಮ್ತಿಯಾಜ್ ಬೆಡ್‌ಫರ್ಡ್ ಪಾರ್ಕಿನ ದೊಡ್ಡ ಆಸ್ಪತ್ರೆಯಲ್ಲಿ ಕಿರಿಯ ಡಾಕ್ಟರು. ಅವನದು ಮೈಸೂರಿನ ಮಂಡಿ ಮೊಹಲ್ಲಾ, ನನ್ನದು ಅಗ್ರಹಾರ. ನಾವಿಬ್ಬರೂ ಒಂದು ಭಾನುವಾರ ಕ್ರಿಕೆಟ್ ತಂಡ ಹುಡುಕಿಕೊಂಡು ಹೊರಟೆವು. ಕ್ರಿಕೆಟ್‌ನವರು ಈ ಸೀಸನ್ ಜಾಗವಿಲ್ಲ ಎಂದರು. ಪಕ್ಕದ ಮೈದಾನದಲ್ಲಿ ಬೇಸ್‌ಬಾಲ್ ಆಡುತ್ತಿದ್ದ ಸಣ್ಣ ಕ್ಲಬ್ಬಿನವರಿಗೆ ಒಬ್ಬ ಆಟಗಾರ ಕಡಿಮೆ ಇದ್ದ, ಸ್ಕೋರರ್ ಇರಲೇ ಇಲ್ಲ. ಕಾಲೇಜಿನಲ್ಲಿ ಪಾಯಿಂಟ್ ಫೀಲ್ಡರ್ ಆಗಿದ್ದ ಇಮ್ತಿಯಾಜ್ ಅಲ್ಲಿ ಶಾರ್ಟ್‌ಸ್ಟಾಪ್ ಆದ, ಅಂದರೆ ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ನಿಲ್ಲುವವನು. ಅದೇ ಕಾಲೇಜಿನಲ್ಲಿ ಕ್ರಿಕೆಟ್ ಸ್ಕೋರ್ ಬರೆಯುತ್ತಿದ್ದ ನಾನು ಮೇಜಿನ ಮುಂದೆ ಕೂತೆ.

ಕ್ರಿಕೆಟ್ಟಿನಲ್ಲಿ ಇಲ್ಲದ ಒಂದು ಸಂಗತಿ ಬೇಸ್‌ಬಾಲಿನಲ್ಲಿದೆ. ಸಾಮಾನ್ಯ ಪ್ರಯತ್ನದಿಂದ ಹಿಡಿಯಬಹುದಾದ ಚೆಂಡನ್ನು ಫೀಲ್ಡರ್ ಬಿಟ್ಟರೆ ಅವನ ಲೆಕ್ಕಕ್ಕೆ ಒಂದು 'ಎರರ್' ಬೀಳುತ್ತದೆ. ಕಷ್ಟಪಟ್ಟು ಓಡಿ, ಹಾರಿ ಮುಟ್ಟಿದ ಚೆಂಡು ಕೈ ತಪ್ಪಿದರೆ ಅದು ಅವನ ತಪ್ಪಲ್ಲ, ಬ್ಯಾಟ್ಸ್‌ಮನ್‌ನ 'ಹಿಟ್'. ಎರಡರಲ್ಲಿ ಯಾವುದು ಎಂದು ತೀರ್ಮಾನಿಸುವವನು ಸ್ಕೋರರ್ ಒಬ್ಬನೇ. ಅದಕ್ಕೇ ಅಲ್ಲಿ ಪೆನ್ಸಿಲ್‌ನಲ್ಲಿ ಬರೆಯುತ್ತಾರೆ. ನಮ್ಮ ಲೀಗಿನಲ್ಲಿ ಮರುದಿನ ಸಂಜೆಯವರೆಗೂ ತೀರ್ಪು ಬದಲಿಸಬಹುದಿತ್ತು.

ಮೊದಲ ಎರಡು ಪಂದ್ಯ ಚೆನ್ನಾಗಿಯೇ ಹೋಯಿತು. ಮೂರನೆಯದರಲ್ಲಿ ತಂಡದವನೊಬ್ಬ ನಗುತ್ತ, ನಿಮ್ಮೂರಿನವನಿಗೆ ಮಾತ್ರ ಎರರ್ ಬೀಳುವುದೇ ಇಲ್ಲವಲ್ಲ ಎಂದ. ತಮಾಷೆಗೆ ಹೇಳಿದ್ದು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಹೊಸ ಊರು, ಹೊಸ ಜನ, ನಮ್ಮವನೆಂದು ಪಕ್ಷಪಾತ ಮಾಡುತ್ತಾನೆ ಎನ್ನಿಸಿಕೊಳ್ಳುವುದು ನನಗೆ ಬೇಕಿರಲಿಲ್ಲ. ಆ ದಿನದಿಂದ ಇಮ್ತಿಯಾಜ್‌ನ ಕೈಯಿಂದ ಜಾರಿದ, ಅನುಮಾನವಿದ್ದ ಚೆಂಡುಗಳಿಗೆಲ್ಲ ಎರರ್ ಬರೆದೆ. ಬರೆದ ಮೇಲೆ ಮನಸ್ಸು ತಡೆಯದೆ ಪಕ್ಕದ ಅಂಚಿನಲ್ಲಿ ಕನ್ನಡದಲ್ಲಿ ನಿಜ ಬರೆಯುತ್ತಿದ್ದೆ: 'ಹತ್ತು ಹೆಜ್ಜೆ ಓಡಿ ಮುಟ್ಟಿದ. ಬೇರೆ ಯಾರಿಗೂ ಆಗುತ್ತಿರಲಿಲ್ಲ.' ಸೀಸನ್ ಮುಗಿದಾಗ ಅವನ ಹೆಸರಿನ ಮುಂದೆ ಹತ್ತೊಂಬತ್ತು ಎರರ್ ಇದ್ದವು. ಮುಂದಿನ ವರ್ಷ ಕೋಚ್ ಬ್ರಯಾನ್ ಅವನನ್ನು ತಂಡದಿಂದ ಕೈಬಿಟ್ಟರು.

ಬ್ರಿಸ್ಬೇನಿನಲ್ಲಿ ಕೆಲಸ ಸಿಕ್ಕಿ ಇಮ್ತಿಯಾಜ್ ಹೊರಟಾಗ ಆಸ್ಪತ್ರೆಯ ಕಾರ್ ಪಾರ್ಕಿನಲ್ಲಿ ಅವನನ್ನು ಬೀಳ್ಕೊಟ್ಟೆ. ಕಾರು ಹತ್ತುವ ಮುಂಚೆ ಅವನು, "ಏನಾದ್ರೂ ಹೇಳೋದಿದ್ಯೇನೋ?" ಎಂದು ಕೇಳಿದ. "ತಲುಪಿದ್ಮೇಲೆ ಫೋನ್ ಮಾಡು," ಎಂದೆ. ಅವನು ಮಾಡಲಿಲ್ಲ. ಹಬ್ಬಕ್ಕೊಂದು ಮೆಸೇಜು, ಮಗಳು ಹುಟ್ಟಿದಾಗ ಒಂದು ಫೋಟೋ, ಅಷ್ಟರಲ್ಲೇ ಸ್ನೇಹ ಉಳಿದುಕೊಂಡಿತ್ತು.

ಕಳೆದ ತಿಂಗಳು ನಮ್ಮ ಕ್ಲಬ್ ಪಕ್ಕದ ಬಡಾವಣೆಯ ಕ್ಲಬ್ಬಿನೊಂದಿಗೆ ಸೇರಿಹೋಯಿತು. ಕೋಣೆ ಖಾಲಿ ಮಾಡುವವರು ಹಳೆಯ ಸ್ಕೋರರ್ ಎಂದು ನನ್ನನ್ನು ಕರೆದು ಒಂದು ತಗಡಿನ ಪೆಟ್ಟಿಗೆ ಒಪ್ಪಿಸಿದರು. ಆ ಹಸಿರು ಪುಸ್ತಕವನ್ನು ಮನೆಯಲ್ಲಿ ಕೂತು ಹೊಸದಾಗಿ ಓದಿದೆ. ಹತ್ತೊಂಬತ್ತರಲ್ಲಿ ಹನ್ನೊಂದು ಎರರ್ ಅಲ್ಲವೇ ಅಲ್ಲ. ಹನ್ನೊಂದಕ್ಕೂ ನನ್ನ ಕೈಬರಹದ ಸಾಕ್ಷಿ ಅಂಚಿನಲ್ಲೇ ಇತ್ತು.

ಪರ್ತ್ ಏರ್‌ಪೋರ್ಟಿನಲ್ಲಿ, ಬೇರೆ ರಾಜ್ಯದ ಹಣ್ಣು ಇಲ್ಲಿಗೆ ತರಬಾರದೆಂಬ ನಿಯಮ ನೆನಪಾಗಿ, ಕಸದ ಡಬ್ಬಿಯ ಪಕ್ಕ ನಿಂತು ಬಾಳೆಹಣ್ಣು ತಿಂದು ಮುಗಿಸಿದೆ. ಕೋಡುಬಳೆಗೆ ಯಾರ ಅಭ್ಯಂತರವೂ ಇರಲಿಲ್ಲ. ಗಡಿಯಾರ ಎರಡೂವರೆ ಗಂಟೆ ಹಿಂದಿಟ್ಟು ರೈಲು ಹಿಡಿದೆ, ಬೇಸ್‌ವಾಟರ್‌ನಲ್ಲಿ ಬದಲಿಸಿ ಎಲೆನ್‌ಬ್ರೂಕ್ ಮುಟ್ಟಿದೆ. ಟಿಕೆಟ್ಟಿಗೆ ಐದು ಡಾಲರಿನ ಆಸುಪಾಸು. ಹೊಸ ಸ್ಟೇಷನ್ನು, ಹೊಸ ರಸ್ತೆಗಳು, ಒಂದೇ ಬಣ್ಣದ ಮನೆಗಳು. ಅಕ್ಟೋಬರಿನ ಬಿಸಿಲು ಹದವಾಗಿತ್ತು, ಗಾಳಿ ಮಾತ್ರ ಟೋಪಿ ಹಾರಿಸುವಷ್ಟಿತ್ತು. ಮೂರು ಸಲ ದಾರಿ ತಪ್ಪಿ ಕೋಚ್ ಬ್ರಯಾನ್ ಅವರ ಮನೆ ಕಂಡುಹಿಡಿದೆ.

ಬ್ರಯಾನ್‌ಗೆ ಈಗ ಎಪ್ಪತ್ತಾರು. ಮಗಳ ಮನೆಯ ಹಿಂಭಾಗದ ಕೋಣೆಯಲ್ಲಿದ್ದಾರೆ. ಮಂಡಿಗಳೆರಡೂ ಹೊಸವು, ಕೋಪ ಹಳೆಯದೇ ಎಂದು ತಮ್ಮ ಪರಿಚಯ ತಾವೇ ಮಾಡಿಕೊಂಡರು. ಕೋಡುಬಳೆ ಕಟುಮ್ಮೆಂದು ಕಡಿದು, ಇದನ್ನೇ ತಿಂದು ಆಡಿದ್ದರೆ ಹುಡುಗರ ಹಲ್ಲಾದರೂ ಗಟ್ಟಿಯಾಗಿರುತ್ತಿದ್ದವು ಎಂದರು. ಫ್ರಿಜ್ಜಿನ ಮೇಲೆ ತಂಡದ ಫೋಟೋ ಅಂಟಿಸಿತ್ತು. ಒಬ್ಬೊಬ್ಬರ ಮೇಲೂ ಬೆರಳಿಟ್ಟು ಹೇಳುತ್ತ ಹೋದರು. ಗುಂಡಿನಂತೆ ಚೆಂಡು ಎಸೆಯುತ್ತಿದ್ದ ಪಿಚರ್ ಗಣಿಯಲ್ಲಿ ಲಾರಿ ಓಡಿಸುತ್ತಾನೆ, ಬಲಗೈ ಭುಜದ ಮೇಲಕ್ಕೆ ಏಳುವುದಿಲ್ಲ. ಕ್ಯಾಚರ್ ಗ್ಯಾರಿ ಬೇಕರಿ ಇಟ್ಟು ಮುಚ್ಚಿ, ಈಗ ಶಾಲಾ ಬಸ್ಸಿನ ಡ್ರೈವರ್. ಒಬ್ಬ ಪಾದ್ರಿಯಾಗಿದ್ದಾನೆ, ಅಂಪೈರುಗಳಿಗೆ ಅವನು ಬೈಯುತ್ತಿದ್ದುದನ್ನು ಕೇಳಿದವರು ನಂಬುವುದಿಲ್ಲ. ಇಬ್ಬರು ತೀರಿಕೊಂಡಿದ್ದಾರೆ. ತಂಡ ಬಿಟ್ಟ ಮೊದಲ ವರ್ಷ ಎಲ್ಲರೂ ಭಾನುವಾರ ಫೋನ್ ಮಾಡುತ್ತಾರಂತೆ, ಆಮೇಲೆ ಕ್ರಿಸ್‌ಮಸ್‌ಗೆ, ಆಮೇಲೆ ಅದೂ ಇಲ್ಲ. ಕೇಳುತ್ತ ಕೇಳುತ್ತ ನನಗೂ ಆ ಮೈದಾನದ ಹುಲ್ಲಿನ ವಾಸನೆ, ಬಾರ್ಬೆಕ್ಯೂ ಒಲೆಯ ಹೊಗೆ ಎಲ್ಲ ನೆನಪಾದವು.

ಬೆರಳು ಇಮ್ತಿಯಾಜ್‌ನ ಮೇಲೆ ಬಂದು ನಿಂತಿತು. ನಾನು ಪುಸ್ತಕ ತೆಗೆದೆ. ಅಂಚಿನ ಸಾಲುಗಳನ್ನು ಒಂದೊಂದಾಗಿ ಇಂಗ್ಲಿಷಿನಲ್ಲಿ ಹೇಳಿದೆ. ಆ ಬರಹವನ್ನು ಅವರು ಅಂದೂ ನೋಡಿದ್ದರಂತೆ. ಆಟ ಶುರು ಮಾಡುವ ಮುಂಚೆ ನಮ್ಮವರು ಬರೆಯುವ ಪ್ರಾರ್ಥನೆ ಏನೋ ಇರಬೇಕೆಂದು ಸುಮ್ಮನಿದ್ದರಂತೆ. ನಾನು ನಗಲಾರದೆ ಕೂತೆ. ಇಮ್ತಿಯಾಜ್‌ನನ್ನು ಬಿಟ್ಟಿದ್ದು ಈ ಲೆಕ್ಕ ನೋಡಿಯೇ ಎಂದು ಕೇಳಿದೆ. ಬೇರೆ ಕಾರಣವಿರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಬ್ರಯಾನ್ ಪುಸ್ತಕ ಮುಚ್ಚಿ ನನ್ನ ಕಡೆ ಸರಿಸಿದರು. ಆಮೇಲೆ, "ಹೌದು, ಅದನ್ನೇ ನೋಡಿ. ನಾನು ಪುಸ್ತಕ ನೋಡಿದೆ, ಹುಡುಗನ ಕಾಲು ನೋಡಲಿಲ್ಲ. ಅವನಿಗೆ ಹಾಗೆಂದು ಹೇಳು," ಎಂದರು. ಸ್ಟೇಷನ್ನಿನವರೆಗೆ ತಾವೇ ಕಾರಿನಲ್ಲಿ ಬಿಟ್ಟರು. ದಾರಿಯಲ್ಲಿ ಪೆಟ್ರೋಲ್ ಬಂಕ್ ಬಳಿ ನಿಲ್ಲಿಸಿ ನನಗೊಂದು ಕಾಫಿ ಕೊಡಿಸಿದರು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಪರ್ತ್‌ನಿಂದ ಬ್ರಿಸ್ಬೇನಿಗೆ ನಾಲ್ಕೂವರೆ ಗಂಟೆ. ದೇಶದ ಈ ತುದಿಯಿಂದ ಆ ತುದಿ. ಗಡಿಯಾರ ಈಗ ಎರಡು ಗಂಟೆ ಮುಂದೆ. ಪೇಟೆಯ ಹೋಟೆಲಿನಲ್ಲಿ ತಂಗಿ, ಶನಿವಾರ ಬೆಳಿಗ್ಗೆ ಸನ್ನಿಬ್ಯಾಂಕಿಗೆ ರೈಲು ಹತ್ತಿದೆ. ಟಿಕೆಟ್ ಬರೀ ಐವತ್ತು ಸೆಂಟ್. ಹೊರಗೆ ಜಕರಂಡಾ ಹೂ ಬಿಟ್ಟು ಬೀದಿಗಳೆಲ್ಲ ನೇರಳೆ ಬಣ್ಣ, ಬೆವರಿಳಿಸುವ ಸೆಕೆ. ಹೇಳಬೇಕಾದ ಮಾತನ್ನು ರೈಲಿನಲ್ಲಿ ನಾಲ್ಕು ಬಗೆಯಾಗಿ ಜೋಡಿಸಿಕೊಂಡೆ.

ಇಮ್ತಿಯಾಜ್ ಗೇಟಿಗೇ ಬಂದು ನಿಂತಿದ್ದ. ತಲೆ ಪೂರ್ತಿ ಬೆಳ್ಳಗಾಗಿದೆ. ಇಲ್ಲೇ ಹತ್ತಿರ ಅವನ ಕ್ಲಿನಿಕ್ಕು. ಹೆಂಡತಿ ಫರೀದಾ ಆಸ್ಪತ್ರೆ ಡ್ಯೂಟಿಗೆ ಹೋಗಿದ್ದರು, ಹೋಗುವ ಮುಂಚೆ ನನಗೆಂದು ಉಪ್ಪಿಟ್ಟು ಮಾಡಿಟ್ಟಿದ್ದರು. ಹದಿನಾಲ್ಕರ ಮಗಳು ಝೋಯಾ ಬೇಸ್‌ಬಾಲ್ ಬಟ್ಟೆಯಲ್ಲಿ ಓಡಾಡುತ್ತಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು. ಅವನು ತಂಡ ಬಿಟ್ಟ ಮೇಲೆ ಗ್ಲೌಸು ಮುಟ್ಟಿರಲೇ ಇಲ್ಲವಂತೆ. ಮಗಳು ಆಡುತ್ತೇನೆಂದು ಹಟ ಹಿಡಿದ ಮೇಲೆ ಈಗ ಶನಿವಾರ ಶನಿವಾರ ಅವಳ ತಂಡಕ್ಕೆ ಕೋಚ್.

ಉಪ್ಪಿಟ್ಟಿನ ತಟ್ಟೆ ಸರಿಸಿ ನಾನು ಹಸಿರು ಪುಸ್ತಕ ಮೇಜಿನ ಮೇಲಿಟ್ಟೆ. ಜೋಡಿಸಿಕೊಂಡಿದ್ದ ನಾಲ್ಕು ಬಗೆಯಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಅವನು ಪುಸ್ತಕ ತೆರೆಯಲೂ ಇಲ್ಲ. ರಟ್ಟಿನ ಮೇಲೆ ಕೈಯಿಟ್ಟು, "ಹನ್ನೊಂದು ಅಲ್ವಾ?" ಎಂದ.

ನಾನು ತಲೆಯೆತ್ತಿ ಅವನ ಮುಖ ನೋಡಿದೆ.

"ನೀನು ನೀರು ಕುಡಿಯೋಕೆ ಎದ್ದು ಹೋದಾಗೆಲ್ಲ ನೋಡ್ತಿದ್ದೆ ಕಂಠಿ. ಆ ಕ್ಲಬ್ಬಲ್ಲಿ ಕನ್ನಡ ಓದೋಕೆ ಬರ್ತಿದ್ದೋನು ನಾನೊಬ್ಬನೇ. ನಿಜಾನ ನನಗೋಸ್ಕರ ಬರೀತಿದ್ದೀಯ, ನಾಳೆ ಸಂಜೆಯೊಳಗೆ ತಿದ್ತೀಯ ಅನ್ಕೊಂಡೆ. ಪ್ರತಿ ಭಾನುವಾರ ಹಾಗೇ ಅನ್ಕೊಂಡೆ. ಕಡೇಗೆ ಕಾರ್ ಪಾರ್ಕಲ್ಲಿ ಕೇಳಿದ್ನಲ್ಲ."

ಹದಿನೆಂಟು ವರ್ಷ ನಾನು ಗುಟ್ಟು ಎಂದುಕೊಂಡಿದ್ದು ಅವನಿಗೆ ಮೊದಲ ದಿನದಿಂದ ಗೊತ್ತಿತ್ತು. ಬ್ರಯಾನ್ ಹೇಳಿದ್ದನ್ನು ಒಪ್ಪಿಸಿದೆ. ತಲೆಯಾಡಿಸಿದ. ನನ್ನ ಮಾತನ್ನು ಆಡಲು ಬಾಯಿ ತೆರೆಯುವಷ್ಟರಲ್ಲಿ ಝೋಯಾ, ಹೊತ್ತಾಯಿತು ಎಂದು ಕಾರಿನ ಹಾರ್ನ್ ಒತ್ತಿದಳು.

ಝೋಯಾಳ ತಂಡಕ್ಕೆ ಸ್ಕೋರ್ ಬರೆಯುತ್ತಿದ್ದ, ಆಟಗಾರ್ತಿಯೊಬ್ಬಳ ತಾಯಿ ಅಂದು ಮೈದಾನಕ್ಕೆ ಬಂದಿರಲಿಲ್ಲ. ಇಮ್ತಿಯಾಜ್ ತಂಡದ ಸ್ಕೋರ್ ಪುಸ್ತಕ, ಪೆನ್ಸಿಲ್, ರಬ್ಬರು ತಂದು ನನ್ನ ಮುಂದಿಟ್ಟು ಹೋದ. ಝೋಯಾ ನಿಂತಿದ್ದು ಶಾರ್ಟ್‌ಸ್ಟಾಪ್ ಜಾಗದಲ್ಲಿ, ಅಪ್ಪನ ಹಾಗೆಯೇ ಎಡಗಾಲು ತುಸು ಮುಂದಿಟ್ಟು. ನಾಲ್ಕನೆಯ ಇನ್ನಿಂಗ್ಸಿನಲ್ಲಿ ಚೆಂಡೊಂದು ಅವಳ ಬಲಕ್ಕೆ ಪುಟಿದು ಬಂತು. ಎರಡು ಹೆಜ್ಜೆ ಹೋದಳು, ಬಗ್ಗಿದಳು, ಚೆಂಡು ಗ್ಲೌಸಿನ ಅಂಚಿಗೆ ತಾಗಿ ಹೊರಗೆ ಹೋಯಿತು. ಇಮ್ತಿಯಾಜ್ ನನ್ನ ಕಡೆ ನೋಡಲಿಲ್ಲ. ನಾನು ಯೋಚನೆ ಮಾಡದೆ 'ಹಿಟ್' ಎಂದು ಬರೆದೆ. ಸಾಲ ತೀರಿಸಿದವನಂತೆ ಉಸಿರು ಬಿಟ್ಟೆ.

ಇನ್ನಿಂಗ್ಸ್ ಮುಗಿಸಿ ನೀರಿಗೆ ಬಂದವಳು ಪುಸ್ತಕಕ್ಕೆ ಇಣುಕಿದಳು.

"ಅಂಕಲ್, ದಟ್ ವಾಸ್ ಆ್ಯನ್ ಎರರ್. ಐ ಶುಡ್ ಹ್ಯಾವ್ ಹ್ಯಾಡ್ ಇಟ್."

ಕಷ್ಟದ ಚೆಂಡು ಕಣಮ್ಮ ಎಂದೆ. ಅಲ್ಲ, ಸುಲಭದ್ದೇ, ನನ್ನ ತಪ್ಪೇ ಎಂದು ಪಟ್ಟು ಹಿಡಿದಳು. ಅವಳಪ್ಪ ಅಷ್ಟು ದೂರದಿಂದ ಕೇಳಿಸಿಕೊಂಡು, ನಾನು ಬಂದ ಮೇಲೆ ಮೊದಲ ಸಲ ಬಾಯ್ತುಂಬ ನಕ್ಕ. ನಾನು ರಬ್ಬರು ತೆಗೆದುಕೊಂಡು ಅಳಿಸಿ, ಎರರ್ ಎಂದು ಬರೆದೆ. ಅವಳಿಗೆ ಅದರಿಂದ ಏನೂ ಆಗಲಿಲ್ಲ. ನೀರು ಕುಡಿದು ಓಡಿದಳು. ತಪ್ಪನ್ನು ಅದೇ ದಿನ ಒಪ್ಪಿಕೊಳ್ಳುವುದು ಇಷ್ಟು ಸಲೀಸು ಎಂದು ನನಗೆ ಐವತ್ತೆರಡನೆಯ ವಯಸ್ಸಿನಲ್ಲಿ ಗೊತ್ತಾಯಿತು.

ಪಂದ್ಯ ಅವರು ಸೋತರು. ಇಮ್ತಿಯಾಜ್ ತಾನೇ ನನ್ನನ್ನು ಏರ್‌ಪೋರ್ಟಿಗೆ ಬಿಟ್ಟ. ಹಸಿರು ಪುಸ್ತಕ ತನ್ನಲ್ಲೇ ಇರಲಿ ಎಂದ, ಝೋಯಾಗೆ ಕನ್ನಡ ಓದಲು ಕಲಿಸಬೇಕಂತೆ, ಹನ್ನೊಂದು ಸಾಲಿನಿಂದ ಶುರು ಮಾಡುತ್ತಾನಂತೆ. ಹಿಂದಿನ ಸೀಟಿನಲ್ಲಿ ಅವಳು ಆಗಲೇ ಪುಟ ತಿರುವುತ್ತ, ಇದು ಯಾವ ಅಕ್ಷರ ಎಂದು ಕೇಳುತ್ತಿದ್ದಳು.

ಚೀಲ ಇಳಿಸಿಕೊಟ್ಟು ಅವನು ಕಾರಿಗೆ ಒರಗಿ ನಿಂತ.

"ಏನಾದ್ರೂ ಹೇಳೋದಿದ್ಯೇನೋ?"

"ತಪ್ಪಾಯ್ತು ಕಣೋ," ಎಂದೆ. "ಭಯ ಬಿದ್ದು ನಿನ್ನ ಬಲಿಕೊಟ್ಬಿಟ್ಟೆ."

ಅವನು ನನ್ನ ಹೆಗಲ ಮೇಲೆ ಕೈಯಿಟ್ಟ. ಹಿಂದಿನ ಕಾರಿನವನು ಹಾರ್ನ್ ಹೊಡೆದ.

"ಸರಿ, ಹೊರಡು. ತಲುಪಿದ್ಮೇಲೆ ಫೋನ್ ಮಾಡು," ಎಂದ.

ಅಡಿಲೇಡಿನಲ್ಲಿ ವಿಮಾನದ ಬಾಗಿಲು ತೆರೆಯುವ ಮುಂಚೆಯೇ ಮಾಡಿದೆ.