ಗುಡ್ಡದ ಕೆಂಪು ತಲೆಯ ಗಿಳಿಗಳು

ಐವತ್ತರ ದಶಕದಲ್ಲಿ ನಾನು ಮದುವೆಯಾಗಿ ಕೆಂಗೇರಿಗೆ ಬಂದಾಗ ಊರಾಚೆ ರಾಗಿ ಹೊಲಗಳಿದ್ದವು, ಅವು ಮುಗಿದ ಕಡೆ ಗುಡ್ಡ, ಗುಡ್ಡದ ತುಂಬ ಕಾಡು. ನಮ್ಮವರು ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಮನೆಯಲ್ಲಿ ನಾನು ಮತ್ತು ಅತ್ತೆ. ಅತ್ತೆಯದು ಮಾತು ಕಡಿಮೆ, ನಗು ಇನ್ನೂ ಕಡಿಮೆ. ಸೌದೆಗೆ ಗುಡ್ಡಕ್ಕೆ ಹೋಗುವಾಗ ಮಾತ್ರ ನನ್ನನ್ನು ಜೊತೆಗೆ ಕರೆಯುತ್ತಿದ್ದರು.

ಹಾಗೆ ಹೋದ ಒಂದು ಬೆಳಿಗ್ಗೆ, ಹೂಬಿಟ್ಟ ಮುತ್ತುಗದ ಮರದಲ್ಲಿ ಗಿಳಿಗಳ ಹಿಂಡನ್ನು ಕಂಡೆ. ಊರ ಗಿಳಿಗಳಿಗಿಂತ ಸಣ್ಣವು. ಗಂಡಿನ ತಲೆ ನೇರಳೆ ಹಣ್ಣಿಗೆ ಕುಂಕುಮ ಸವರಿದ ಹಾಗಿತ್ತು, ಹೆಣ್ಣಿನದು ಬೂದಿ ಬಣ್ಣ. ಒಂದೊಂದೇ ಹೂ ಕಿತ್ತು, ರಸ ಹೀರಿ, ಕೆಳಗೆ ಉದುರಿಸುತ್ತಿದ್ದವು. ಅತ್ತೆ ಎರಡು ಸಲ ಕೂಗಿದರೂ ನನಗೆ ಕೇಳಿಸಲಿಲ್ಲವಂತೆ.

ರಾತ್ರಿ ಊಟಕ್ಕೆ ಕೂತಾಗ ನಮ್ಮವರಿಗೆ ಇದನ್ನೇ ಹೇಳಿದೆ. "ಅಷ್ಟು ಇಷ್ಟ ಆಯ್ತಾ? ಒಂದು ಮರಿ ಹಿಡ್ಕೊಂಡು ಬರೋಣ ಬಿಡು. ಹಗಲೆಲ್ಲ ನಿಂಗೆ ಜೊತೆಗಿರುತ್ತೆ" ಎಂದರು. ನನಗೂ ಆಸೆಯಾಯಿತು.

ಭಾನುವಾರ ಮೂವರೂ ಹೊರಟೆವು. ಗೂಡಿದ್ದ ಪೊಟರೆಯನ್ನು ಅತ್ತೆಯೇ ತೋರಿಸಿದರು. ನಮ್ಮವರು ಪಂಚೆ ಎತ್ತಿ ಕಟ್ಟಿ ಮರ ಹತ್ತಿ ಪೊಟರೆಯೊಳಗೆ ಕೈ ಹಾಕಿದರು. "ಅಯ್ಯಪ್ಪಾ!" ಎಂದು ಕಿರುಚಿ ಕೈ ಎಳೆದುಕೊಂಡರು. ಬೆರಳಲ್ಲಿ ರಕ್ತ. ಒಳಗಿದ್ದ ಹೆಣ್ಣು ಗಿಳಿ ಹಾರಿಹೋಗದೆ, ತಲೆ ಹೊರಗೆ ಹಾಕಿ ಅವರನ್ನೇ ದಿಟ್ಟಿಸಿತು. ಕೈಗೆ ಟವೆಲ್ ಸುತ್ತಿಕೊಂಡು ಮತ್ತೆ ಹಾಕಿದರು. ಮತ್ತೆ ಕಚ್ಚಿತು.

"ಅಮ್ಮಾ, ಇವಳು ಜಾಗ ಬಿಟ್ಟು ಅಲ್ಲಾಡ್ತಾನೇ ಇಲ್ಲ!"

"ಅದು ಅವಳ ಮನೆ ಕಣೋ, ಯಾಕೆ ಬಿಡ್ತಾಳೆ? ಇಳಿ ಕೆಳಗೆ."

ಅಂಗೈಯಗಲದ ಹಕ್ಕಿಗೆ ಇಷ್ಟು ಧೈರ್ಯವೇ ಎಂದು ನನಗೆ ಮೈ ಜುಮ್ಮೆಂದಿತು. "ಬೇಡ ರೀ, ಇಳೀರಿ" ಎಂದೆ ನಾನೂ.

ಅವರು ಇಳಿದು ಬಂದ ಮೇಲೆ ದೂರದ ಬಂಡೆಯ ಮೇಲೆ ಕೂತು ನೋಡಿದೆವು. ಅಲ್ಲಿಯವರೆಗೆ ಮರದ ಸುತ್ತ ಕೂಗಾಡುತ್ತಿದ್ದ ಗಂಡು, ಪೊಟರೆಯ ಬಾಯಿಗೆ ಬಂದು ಕೂತು, ಕೊಕ್ಕಿಗೆ ಕೊಕ್ಕಿಟ್ಟು ಹೆಣ್ಣಿಗೆ ತುತ್ತು ಕೊಟ್ಟಿತು.

"ನೋಡೇ, ಹೆಂಡ್ತಿಗೆ ಹೆಂಗೆ ಉಣ್ಣಿಸ್ತಾನೆ!" ಎಂದು ಅತ್ತೆ ಜೋರಾಗಿ ನಕ್ಕರು. ನಾನು ತಲೆ ತಗ್ಗಿಸಿದೆ. ನಮ್ಮವರು ತಮ್ಮ ಬೆರಳು ನೋಡಿಕೊಂಡರು.

ಆಮೇಲೆ ಸೌದೆ ಬೇಕಿರಲಿ ಬಿಡಲಿ, ಅತ್ತೆ ಮತ್ತು ನಾನು ಆ ಮರದ ಕಡೆ ಹೋಗುತ್ತಿದ್ದೆವು. ಬಿಸಿಲು ಏರಿದ ತಿಂಗಳಲ್ಲಿ ಮರಿಗಳು ಹೊರಗೆ ಇಣುಕತೊಡಗಿದವು. ಅವು ಹಾರಿದ ದಿನವೂ ನಾವು ಅಲ್ಲಿದ್ದೆವು. ತಾಯಿ ಎದುರು ಮರದಿಂದ ಕರೆಯಿತು. ಕೊನೆಯ ಮರಿ ಬಹಳ ಹೊತ್ತು ಹಿಂದೆಮುಂದೆ ನೋಡಿ, ಒಮ್ಮೆಲೇ ರೆಕ್ಕೆ ಬಿಚ್ಚಿತು.

"ಹೋಯ್ತು ಕಣೇ!" ಎಂದು ಅತ್ತೆ ನನ್ನ ಕೈ ಹಿಡಿದುಕೊಂಡರು.