ಎಂಟರ್ ಕೀಲಿಯ ಮೇಲೆ ನಿಂತ ಬೆರಳು

ಸಿಂಧು, ಚೇತನ್, ನಿಮ್ಮ ಈ ಅಜ್ಜಿಯ ನೌಕರಿ ಉಳಿಸಿದವರು ಒಬ್ಬ ಕಂಪ್ಯೂಟರ್ ಮೇಡಂ. ಅವರ ಬಲಗೈ ತೋರುಬೆರಳಿನ ತುದಿ ಬೆಳ್ಳಗೆ ಸುಕ್ಕುಗಟ್ಟಿತ್ತು. ಹುಡುಗಿಯಾಗಿದ್ದಾಗ ಶಿಡ್ಲಘಟ್ಟದಲ್ಲಿ ಕುದಿಯುವ ನೀರಿನೊಳಗಿಂದ ರೇಷ್ಮೆ ಎಳೆ ತೆಗೆದ ಬೆರಳು ಅದು. ಎಂಟರ್ ಕೀಲಿ ಒತ್ತುವ ಮುಂಚೆ ಅದರ ಮೇಲೆ, ಮುಟ್ಟದೆ, ಸ್ವಲ್ಪ ಹೊತ್ತು ನಿಲ್ಲುತ್ತಿತ್ತು.

ನಿಮ್ಮ ತಾತ ತೀರಿಕೊಂಡ ಮೇಲೆ ಗೌರಿಬಿದನೂರಿನ ಹೈಸ್ಕೂಲಿನಲ್ಲಿ ಅವರ ಗುಮಾಸ್ತರ ಕೆಲಸವನ್ನು ಅನುಕಂಪದ ಆಧಾರದ ಮೇಲೆ ನನಗೆ ಕೊಟ್ಟಿದ್ದರು. ಕಂಪ್ಯೂಟರ್ ಕಲಿತರೆ ಮಾತ್ರ ಕಾಯಂ ಎಂದಿದ್ದರು ಹೆಡ್‌ಮಾಸ್ಟರು. ನಾನು ಹಳ್ಳಿ ಶಾಲೆಯಲ್ಲಿ ಓದಿದವಳು. ಪರದೆ ಬೆಳಗಿದರೆ ಅಂಗೈ ಬೆವರುತ್ತಿತ್ತು. ನಿಮ್ಮಪ್ಪ ಇನ್ನೂ ಓದುತ್ತಿದ್ದ. ಆ ಕೆಲಸ ಬಿಟ್ಟರೆ ನಮಗೆ ಬೇರೆ ಆಸರೆ ಇರಲಿಲ್ಲ.

ನನಗೆ ಕಲಿಸಿದವರು ಅದೇ ಶಾಲೆಯ ಈ ಮೇಡಂ. ಅಲ್ಲಿ ಲಿನಕ್ಸ್ ಎಂಬ ವ್ಯವಸ್ಥೆ ಹಾಕಿದ್ದ ಎರಡು ಕಂಪ್ಯೂಟರುಗಳಿದ್ದವು. ಹಳೆಯದರಲ್ಲಿ ತಂತ್ರಾಂಶ ಹಾಕಲು, ತೆಗೆಯಲು ಆರ್‌ಪಿಎಂ ಎಂಬ ಸಾಧನವಿತ್ತು. ಒಂದು ಕಡತ ಕೊಟ್ಟರೆ ಇನ್ನೊಂದು ಬೇಕು ಎನ್ನುತ್ತಿತ್ತು, ಅದನ್ನು ಸಿ.ಡಿ.ಯಲ್ಲಿ ಹುಡುಕಿ ಕೊಟ್ಟರೆ ಮತ್ತೊಂದು. ಹೊಸದರಲ್ಲಿ ಅದೇ ಕೆಲಸಕ್ಕೆ ಆಪ್ಟ್ ಎಂಬುದಿತ್ತು. ಹೆಸರು ಹೇಳಿದರೆ ಸಾಕು, ಜೊತೆಗೆ ಬೇಕಾದ್ದನ್ನೆಲ್ಲ ತಾನೇ ತಂದುಕೊಳ್ಳುತ್ತಿತ್ತು.

"ಇದೇ ವಾಸಿ ಮೇಡಂ," ಎಂದೆ.

"ತರೋವಾಗ ವಾಸಿ ಕಣಮ್ಮ. ತೆಗಿ ಅಂದ್ರೆ ಅದನ್ನ ನೆಚ್ಕೊಂಡಿರೋದನ್ನೆಲ್ಲ ಹೊರಗೆ ಹಾಕ್ತದೆ. ಹಳೇದು ಹೆಜ್ಜೆಹೆಜ್ಜೆಗೂ ಜಗಳ ಆಡ್ತದೆ. ಇದು ಕೇಳೋದು ಒಂದೇ ಸಲ. ನಿಮ್ಮನೇಲಿ ರೇಷ್ಮೆ ಹುಳ ಸಾಕ್ತಿದ್ರಲ್ಲ, ತಟ್ಟೆಯಿಂದ ಹಳೇ ಸೊಪ್ಪು ಎಸೆಯೋ ಮುಂಚೆ ಏನ್ ಮಾಡ್ತಿದ್ದೆ?"

"ಹುಳ ಅಂಟ್ಕೊಂಡಿದ್ಯಾ ಅಂತ ನೋಡ್ತಿದ್ದೆ."

"ಹಂಗೇ ನೋಡು. ಓದು, ಆಮೇಲೆ ಒತ್ತು."

ಒಂದು ದಿನ ಮೇಡಂ ತರಬೇತಿಗೆಂದು ಚಿಂತಾಮಣಿಗೆ ಹೋಗಿದ್ದರು. ಮರುದಿನ ಮಕ್ಕಳಿಗೆ ಪರೀಕ್ಷೆಯ ಪ್ರವೇಶಪತ್ರ ಕೊಡಬೇಕಿತ್ತು. ಹೊಸ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಒಡೆದು ಬರುತ್ತಿತ್ತು. ಹೆಡ್‌ಮಾಸ್ಟರು ಕುರ್ಚಿಯ ಹಿಂದೆ ಬಂದು ನಿಂತರು.

"ಆ ಅಕ್ಷರದ ಸಾಮಾನೆಲ್ಲ ಕಿತ್ತಾಕಿ ಹೊಸದಾಗಿ ಹಾಕಮ್ಮ."

ತೆಗೆ ಎಂದು ಆಪ್ಟ್‌ಗೆ ಆಜ್ಞೆ ಕೊಟ್ಟೆ. ಪರದೆ ತುಂಬ ಹೆಸರುಗಳು ಬಂದವು. ಇವೂ ಹೋಗುತ್ತವೆ, ಮುಂದುವರಿಸಲೇ ಎಂದು ಕೇಳಿ ನಿಂತಿತು.

"ಏಮಮ್ಮಾ, ಮುಹೂರ್ತ ನೋಡ್ತಿದ್ದೀಯಾ? ಒತ್ತು."

ನಾನು ಯಾರ ಮಾತಿಗೂ ಎದುರಾಡಿದವಳಲ್ಲ. ಕಾಯಂ ಮಾಡುವ ಕಾಗದಕ್ಕೆ ರುಜು ಹಾಕಬೇಕಾದವರೂ ಅವರೇ. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿಕೊಂಡು ಓದುತ್ತಾ ಹೋದೆ. ಮಧ್ಯೆ ಡೆಸ್ಕ್‌ಟಾಪ್ ಎಂದಿತ್ತು, ಪ್ರಿಂಟರ್ ಎಂದಿತ್ತು. ಅಷ್ಟರಲ್ಲಿ ತಾವೇ ಒತ್ತಲು ಅವರು ಬಗ್ಗಿ ಕೈ ಚಾಚಿದರು. ನಾನು ಕೈ ಅಡ್ಡ ಹಿಡಿದೆ.

"ಬೇಡ ಸಾರ್. ಹುಳ ಅಂಟ್ಕೊಂಡಿದೆ."

ಅವರು ನನ್ನನ್ನೇ ನೋಡಿದರು. "ತಲೆ ಗಿಲೆ ಕೆಟ್ಟಿದ್ಯಾ?" ಎಂದು ಹೊರಟುಹೋದರು. ಕೆಲಸ ಹೋಯಿತು ಎಂದುಕೊಂಡೇ, ಯಾರೂ ಒತ್ತದಂತೆ, ಸಂಜೆಯವರೆಗೆ ಅಲ್ಲೇ ಕೂತಿದ್ದೆ.

ಬಸ್ಸಿಳಿದು ಬಂದ ಮೇಡಂ ಪರದೆ ಓದಿ ಹೆಡ್‌ಮಾಸ್ಟರನ್ನು ಕರೆದರು. "ಒತ್ತಿದ್ರೆ ಬರೀ ಕರೀ ಪರದೆ ಉಳೀತಿತ್ತು ಸಾರ್. ನಾಳೆ ಪ್ರವೇಶಪತ್ರನೂ ಇಲ್ಲ, ಏನೂ ಇಲ್ಲ." ಬೇಡ ಎಂದು ಒತ್ತಿ, ಹಾಳಾಗಿದ್ದ ಒಂದು ಅಕ್ಷರದ ಕಡತವನ್ನಷ್ಟೇ ಬದಲಿಸಿದರು. ವರ್ಷದ ಕೊನೆಗೆ ನನ್ನ ಕಾಗದಕ್ಕೆ ರುಜು ಬಿತ್ತು.

ಮೇಡಂ ಬಹಳ ಕಾಲ ಉಳಿಯಲಿಲ್ಲ. ಹೊಟ್ಟೆಯಲ್ಲಿ ಗಡ್ಡೆ. ಕೊನೆಯ ಸಲ ನೋಡಲು ಹೋದಾಗ ಮಾತು ನಿಂತಿತ್ತು. ಹೊದಿಕೆಯ ಮೇಲಿಂದ ಆ ಬೆರಳೊಂದೇ ಎದ್ದು ಗಾಳಿಯಲ್ಲಿ ನಿಂತಿತು. ಹೂಂ ಮೇಡಂ, ಓದ್ತೀನಿ ಎಂದೆ.

ನನ್ನ ಹೆದರಿಕೆ ಇನ್ನೂ ಹೋಗಿಲ್ಲ. ಹೋಗಬೇಕೆಂದು ಅವರೂ ಹೇಳಿರಲಿಲ್ಲ. ಮುಂದೆ ಮನೆ ಚೊಕ್ಕ ಮಾಡುವಾಗ ಈ ಹಾಳೆಗಳನ್ನು ಹಳೆಯವೆಂದು ಎಸೆಯಬೇಡಿ ಮಕ್ಕಳೇ. ಎತ್ತಿ ನೋಡಿ. ಮೇಡಂ, ನಾನು, ಇಬ್ಬರೂ ಅವಕ್ಕೆ ಅಂಟಿಕೊಂಡಿರುತ್ತೇವೆ.